ಟಾಟಾ 1210 ರೆಡಿ, ಆದರೆ ಇಂಜಿನ್ ಸದ್ದು ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ. ಏನು ಮಾಡಲಿ?

ಸ್ಟೆಪ್ನಿ_ಸಕಲೇಶಪುರ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಈಗ ಕೈ ಮೀರಿದೆ, ಅದಕ್ಕೇ ಬರೆಯುತ್ತಿದ್ದೇನೆ.

1/14 ಅಳತೆಯಲ್ಲಿ, ರಿಮೋಟ್‌ನಲ್ಲಿ ಓಡುವ ಟಾಟಾ 1210 ಎಸ್‌ಇ ಲಾರಿಯ ಮಾದರಿ ಕಟ್ಟುತ್ತಿದ್ದೇನೆ. ಕಿಟ್ ಅಲ್ಲ. ಚಾಸಿಗೆ ಅಲ್ಯೂಮಿನಿಯಂ ಚಾನೆಲ್, ಕ್ಯಾಬಿನ್‌ಗೆ ಎಬಿಎಸ್ ಪ್ಲಾಸ್ಟಿಕ್ ಶೀಟ್, ಹಿಂದಿನ ಲೋಡ್ ಬಾಡಿ 3 ಮಿ.ಮೀ. ಪ್ಲೈವುಡ್‌ನದು. ಆಕ್ಸಲ್, ಚಕ್ರ, ಮೂರು ಗೇರಿನ ಗೇರ್‌ಬಾಕ್ಸ್ ಮಾತ್ರ ಟಮಿಯಾ ಎಂಬ ಜಪಾನಿ ಕಂಪನಿಯ ಮಾದರಿ ಲಾರಿಯದು, ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಮೋಟರ್ ಅದರ ಜೊತೆ ಬಂದದ್ದೇ, 540 ಅಳತೆಯದು, 35 ಟರ್ನ್ (ತಂತಿಯ ಸುತ್ತು). ಅಪ್ಪ ಇದೇ ಗಾಡಿಯಲ್ಲಿ ಹನ್ನೊಂದು ವರ್ಷ ಶಿರಾಡಿ ಘಾಟಿ ಹತ್ತಿ ಇಳಿದವರು. ಅವರಿಗೆ ತೋರಿಸಬೇಕು ಅಂತಲೇ ಶುರು ಮಾಡಿದ್ದು.

ಗಾಡಿ ಓಡುತ್ತದೆ, ಗೇರ್ ಬೀಳುತ್ತದೆ. ತಲೆನೋವು ಎಲೆಕ್ಟ್ರಾನಿಕ್ಸ್‌ದು.

ಸದ್ದಿಗೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಪಿಎಎಂ8403 ಆಂಪ್ಲಿಫೈಯರ್, 40 ಮಿ.ಮೀ. ಸ್ಪೀಕರ್ ಹಾಕಿದ್ದೇನೆ. ನೆಟ್‌ನಲ್ಲಿ ಎಲ್ಲರೂ ಬಳಸುವ ಓಪನ್ ಸೋರ್ಸ್ ಪ್ರೋಗ್ರಾಂ. ಟೇಬಲ್ ಮೇಲೆ ಇಟ್ಟು ಕೇಳಿದರೆ ಲಾರಿ ಅನಿಸುವುದಿಲ್ಲ, ಸೊಳ್ಳೆ ಬ್ಯಾಟ್ ಅನಿಸುತ್ತದೆ. ವಾಲ್ಯೂಮ್ ಏರಿಸಿದರೆ ಒಡೆದ ಸದ್ದು. ಇನ್ನೂ ದೊಡ್ಡ ಆಂಪ್ಲಿಫೈಯರ್ ತರಬೇಕಾ?

ಎರಡನೆಯದು ಜಾಗ. ಕ್ಯಾಬಿನ್ನಿನ ಗಾಜು ದೊಡ್ಡದು, ಒಳಗೆ ವೈರ್ ತುಂಬಿದರೆ ಎಲ್ಲ ಕಾಣುತ್ತದೆ.

ಮೂರನೆಯದು ವಿಚಿತ್ರ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಇಂಜಿನ್ ಸದ್ದು ನಿಂತು, ಮತ್ತೆ ಸೆಲ್ಫ್ ಹೊಡೆದ ಸದ್ದಿನಿಂದ ಶುರುವಾಗುತ್ತದೆ!

—

ಕ್ಲೀನರ್_ಕಿಟ್ಟಿ
ರಾತ್ರಿ 9:52

ಮೂರನೆಯದು ತೊಂದರೆ ಅಲ್ಲ ಅಣ್ಣಾ. ಅಸಲಿ 1210 ಕೂಡ ಬ್ಯಾಟರಿ ವೀಕ್ ಆದಾಗ ಹಾಗೇ ಮಾಡುತ್ತಿತ್ತು. ಹಾಗೇ ಬಿಡಿ. ಬೇಕಾದರೆ ಹಿಂದಿನಿಂದ ತಳ್ಳಲು ನಾಲ್ಕು ಜನರ ಗೊಂಬೆ ಮಾಡಿ.

—

ಪೆಟ್ಟಿಗೆ_ಅಂಗಡಿ
ರಾತ್ರಿ 10:05

ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ? ಟಮಿಯಾದ್ದೇ ಎಂಎಫ್‌ಸಿ ಯೂನಿಟ್ ಬರುತ್ತದೆ. ಲೈಟು, ಸದ್ದು, ಅಲುಗಾಟ ಎಲ್ಲ ಒಂದೇ ಡಬ್ಬಿಯಲ್ಲಿ. ತರಿಸಿ, ಹಾಕಿ, ಮುಗೀತು.

—

ಘಾಟಿ_ಗಣಪ
ರಾತ್ರಿ 10:11

@ಪೆಟ್ಟಿಗೆ_ಅಂಗಡಿ ಅದರಲ್ಲಿ ಬರುವುದು ಯುರೋಪ್, ಅಮೆರಿಕದ ಗಾಡಿಯ ಸದ್ದು. 1210ರ ಮೂತಿಗೆ ಆ ಸದ್ದು ಹಾಕಿದರೆ, ಯಕ್ಷಗಾನದ ವೇಷಕ್ಕೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ.

—

ಸೋಲ್ಡರ್_ಸಿದ್ದ
ರಾತ್ರಿ 10:20

ಮೂರನೇದ್ದು ನನಗ ಗೊತ್ತೈತಿ ರೀ, ಇದನ್ನ ನಾನೂ ತಿಂದೀನಿ. ಉಳಿದದ್ದು ಪುಸ್ತಕದ ಭಾಷೆಯಲ್ಲೇ ಬರೆಯುತ್ತೇನೆ, ಎಲ್ಲರಿಗೂ ತಿಳಿಯಲಿ.

ನಿಮ್ಮ ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರ್) ಮತ್ತು ಇಎಸ್‌ಪಿ32 ಎರಡೂ ಇಎಸ್‌ಸಿಯ (ಮೋಟರಿನ ವೇಗ ನಿಯಂತ್ರಿಸುವ ಡಬ್ಬಿ) ಬಿಇಸಿಯಿಂದಲೇ, ಅಂದರೆ ಅದರೊಳಗಿನ ಸಣ್ಣ ಪವರ್ ಸಪ್ಲೈಯಿಂದಲೇ, ಕರೆಂಟ್ ಕುಡಿಯುತ್ತಿವೆ ಅಲ್ವಾ? ಸ್ಟೀರಿಂಗ್ ಕೊನೆಗೆ ತಾಗಿ ಸರ್ವೋ ಸಿಕ್ಕಿಕೊಂಡಾಗ ಒಂದೆರಡು ಆಂಪಿಯರ್ ಒಮ್ಮೆಲೇ ಎಳೆಯುತ್ತದೆ. ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಇಎಸ್‌ಪಿ32ಗೆ ಅದು ತಡೆಯುವುದಿಲ್ಲ, ರೀಸೆಟ್ ಆಗುತ್ತದೆ. ಆನ್ ಆದ ತಕ್ಷಣ ಅದು ಮಾಡುವ ಮೊದಲ ಕೆಲಸವೇ ಸೆಲ್ಫ್ ಹೊಡೆಯುವುದು. ಅಷ್ಟೇ ಕಥೆ.

ಪರಿಹಾರ: ಬ್ಯಾಟರಿಯಿಂದ ನೇರವಾಗಿ ಬೇರೆ 5 ವೋಲ್ಟಿನ, 3 ಆಂಪಿಯರಿನ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡ್) ಹಾಕಿ. ಅದು ಇಎಸ್‌ಪಿ32 ಮತ್ತು ಆಂಪ್ಲಿಫೈಯರ್‌ಗೆ ಮಾತ್ರ. ರಿಸೀವರ್, ಸರ್ವೋ ಬಿಇಸಿಯ ಮೇಲೆಯೇ ಇರಲಿ. ಎರಡರ ಗ್ರೌಂಡ್ (ಮೈನಸ್ ವೈರ್) ಸೇರಿಸಬೇಕು, ಕೆಂಪು ವೈರ್ ಮಾತ್ರ ಸೇರಿಸಬಾರದು. ಜೊತೆಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಇಎಸ್‌ಪಿ32ನ 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ. ದೂರ ಹಾಕಿದರೆ ಲಾಭ ಕಡಿಮೆ.

ಇನ್ನೊಂದು, ಟ್ರಾನ್ಸ್‌ಮಿಟರಿನಲ್ಲಿ ಸ್ಟೀರಿಂಗ್‌ನ ಕೊನೆ ಮಿತಿ ಸ್ವಲ್ಪ ಕಡಿಮೆ ಮಾಡಿ. ಸರ್ವೋ ಸುಮ್ನೆ ಗೋಡೆಗೆ ತಲೆ ಗುದ್ದುತ್ತಾ ನಿಲ್ಲಬಾರದು.

ಸದ್ದಿಗೆ ನನ್ನ ಮಟ್ಟಿಗೆ ದೊಡ್ಡ ಸ್ಪೀಕರ್, ಬೇಸ್ ಬೂಸ್ಟ್. ಬೇರೆ ದಾರಿ ಇಲ್ಲ.

—

ರೇಡಿಯೋ_ರತ್ನಮ್ಮ
ಭಾನುವಾರ, ಬೆಳಿಗ್ಗೆ 6:15

ಸಿದ್ದಪ್ಪಾ, ಕರೆಂಟಿನ ವಿಷಯ ನೂರಕ್ಕೆ ನೂರು ಸರಿ. ಸದ್ದಿನ ವಿಷಯ ಒಪ್ಪುವುದಿಲ್ಲ.

ಸ್ಟೆಪ್ನಿ ಅವರೇ, ಆಂಪ್ಲಿಫೈಯರ್ ಬದಲಿಸುವ ಮೊದಲು ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಲೋಟ ತನ್ನಿ. ಸ್ಪೀಕರ್ ಅದರ ಬಾಯಿಗೆ ಕೂರುವಂಥದ್ದು ಇರಲಿ. ಅಂಚಿಗೆ ಸುತ್ತ ಚಪಾತಿ ಹಿಟ್ಟು ಮೆತ್ತಿ, ಗಾಳಿ ಸೋರಬಾರದು. ವೈರನ್ನು ಹಿಟ್ಟಿನ ನಡುವೆ ಹೊರಗೆ ತನ್ನಿ. ಈಗ ಅದೇ ಸದ್ದು ಹಾಕಿ ಕೇಳಿ.

ಯಾಕೆ ಅಂತ ಹೇಳುತ್ತೇನೆ. ಸ್ಪೀಕರಿನ ಕಾಗದ ಮುಂದೆ ತಳ್ಳುವಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಎಳೆಯಲ್ಪಡುತ್ತದೆ. ಬರಿ ಸ್ಪೀಕರನ್ನು ಟೇಬಲ್ ಮೇಲೆ ಇಟ್ಟರೆ ಮುಂದಿನದೂ ಹಿಂದಿನದೂ ಅಂಚಿನಲ್ಲಿ ಸೇರಿಕೊಂಡು ಒಂದನ್ನೊಂದು ಹೊಡೆದುಹಾಕುತ್ತವೆ. ದಪ್ಪ ಸದ್ದು ಹೀಗೆ ಸಾಯುತ್ತದೆ, ಕೀರಲು ಮಾತ್ರ ಉಳಿಯುತ್ತದೆ. ಹಿಂಬದಿಯನ್ನು ಮುಚ್ಚಿಬಿಟ್ಟರೆ ಜಗಳವೇ ಇಲ್ಲ.

ಪೆಟ್ಟಿಗೆ ಇಲ್ಲದ ಸ್ಪೀಕರಿಗೆ ಹತ್ತು ವಾಟ್ ಕೊಟ್ಟರೂ ಅಷ್ಟೇ, ಅದು ಜೋರಾಗಿ ಕಿರುಚುವ ಸೊಳ್ಳೆ.

—

ಸ್ಟೆಪ್ನಿ_ಸಕಲೇಶಪುರ
ಬೆಳಿಗ್ಗೆ 8:30

ರತ್ನಕ್ಕಾ!! ಲೋಟದ ಪ್ರಯೋಗ ಮಾಡಿದೆ. ನಂಬಲು ಆಗುತ್ತಿಲ್ಲ. ಅದೇ ಸ್ಪೀಕರ್, ಅದೇ ವಾಲ್ಯೂಮ್. ಒಳಗಿನ ಕೋಣೆಯಿಂದ ಹೆಂಡತಿ “ಹೊರಗೆ ಯಾರದೋ ಗಾಡಿ ಬಂತು ನೋಡಿ” ಅಂದಳು. ಆಮೇಲೆ ಹಿಟ್ಟು ಎಲ್ಲಿ ಹೋಯಿತು ಅಂತ ಗೊತ್ತಾಗಿ ಬೇರೆ ಸದ್ದು ಕೇಳಬೇಕಾಯಿತು.

—

ಸೋಲ್ಡರ್_ಸಿದ್ದ
ಬೆಳಿಗ್ಗೆ 9:02

ರತ್ನಕ್ಕನವರೇ, ಪೆಟ್ಟಿಗೆ ಒಪ್ಪಿದೆ. ಆದರೆ ಬೇಸ್ ಏರಿಸಬಾರದು ಅಂತ ಯಾಕೆ? ಡೀಸೆಲ್ ಇಂಜಿನ್ ಅಂದರೆ ಬೇಸೇ ತಾನೆ?

—

ರೇಡಿಯೋ_ರತ್ನಮ್ಮ
ಬೆಳಿಗ್ಗೆ 9:40

ಲೆಕ್ಕ ಹಾಕೋಣ. ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್. ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ, ಅಂದರೆ ಸುತ್ತಿಗೆ ಮೂರು ಹೊಡೆತ. ಐಡ್ಲಿಂಗ್ ನಿಮಿಷಕ್ಕೆ 600 ಸುತ್ತು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 10 ಸುತ್ತು, 30 ಹೊಡೆತ. ಅದು 30 ಹರ್ಟ್ಸ್. 40 ಮಿ.ಮೀ. ಸ್ಪೀಕರ್ 30 ಹರ್ಟ್ಸ್ ಸದ್ದನ್ನು ಯಾವ ಜನ್ಮದಲ್ಲೂ ಕೇಳುವ ಹಾಗೆ ಹೊರಡಿಸುವುದಿಲ್ಲ. ಬೇಸ್ ಬೂಸ್ಟ್ ಮಾಡಿದರೆ ಕಾಗದ ಸುಮ್ನೆ ಹಿಂದೆ ಮುಂದೆ ಕುಣಿಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ, ಉಳಿದ ಸದ್ದೂ ಒಡೆಯುತ್ತದೆ. ಅವರು ಹೇಳಿದ ಒಡಕು ಅದೇ ಇರಬೇಕು.

ಹಾಗಾಗಿ ತಿರುಗಾಮುರುಗಾ ಮಾಡಿ. ಸದ್ದಿನ ಫೈಲಿನಲ್ಲಿ 150 ಹರ್ಟ್ಸ್ ಕೆಳಗಿನದ್ದನ್ನು ಕತ್ತರಿಸಿ ಎಸೆಯಿರಿ. 200ರಿಂದ 400ರ ನಡುವಿನದನ್ನು ಸ್ವಲ್ಪ ಎತ್ತಿ. ಕಿವಿ ಮೇಲಿನ ಸ್ವರಗಳ ಅಂತರ ನೋಡಿ ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಳೇ ಲ್ಯಾಂಡ್‌ಲೈನ್ ಫೋನು 300 ಹರ್ಟ್ಸ್‌ಗಿಂತ ಕೆಳಗಿನದನ್ನು ದಾಟಿಸುತ್ತಲೇ ಇರಲಿಲ್ಲ. ಆದರೂ ಗಂಡಸರ ದಪ್ಪ ದನಿ ದಪ್ಪವಾಗಿಯೇ ಕೇಳುತ್ತಿತ್ತು ಅಲ್ವಾ?

—

ಕ್ಲೀನರ್_ಕಿಟ್ಟಿ
ಬೆಳಿಗ್ಗೆ 9:44

ನಮ್ಮ ಮಾವನ ದನಿ ಫೋನೇ ಇಲ್ಲದೆ ಮೂರು ಮನೆ ಆಚೆ ಕೇಳುತ್ತಿತ್ತು.

—

ಸೋಲ್ಡರ್_ಸಿದ್ದ
ಬೆಳಿಗ್ಗೆ 10:30

ಕತ್ತರಿಸಿ ನೋಡಿದೆ. ನನ್ನ ಲೇಲ್ಯಾಂಡ್ ಈಗ ಜಾಸ್ತಿ ದಪ್ಪ ಕೇಳುತ್ತಿದೆ. ಬೇಸ್ ತೆಗೆದರೆ ಬೇಸ್ ಬರುತ್ತದೆ ಅಂದರೆ ಇದ್ಯಾವ ನ್ಯಾಯ ರೀ. ಸೋತೆ.

—

ಮ್ಯೂನಿಕ್_ಮಾಣಿ
ಮಧ್ಯಾಹ್ನ 1:15

ಇಲ್ಲಿ ಜರ್ಮನಿಯಲ್ಲಿ 1/14 ಲಾರಿಗಳ ಹುಚ್ಚು ದೊಡ್ಡದು ಮಾರಾಯ್ರೆ. ಡಾರ್ಟ್‌ಮುಂಡ್‌ನ ಇಂಟರ್‌ಮಾಡೆಲ್‌ಬೌ ಮೇಳಕ್ಕೆ ಹೋದರೆ ಒಂದು ಇಡೀ ಹಾಲ್ ತುಂಬ ರಸ್ತೆ, ಗುಡ್ಡ, ಮಣ್ಣು ಅಗೆಯುವ ಯಂತ್ರ. ಇಲ್ಲಿಯವರು ಬೈಯರ್ ಕಂಪನಿಯ ಯುಎಸ್‌ಎಂ-ಆರ್‌ಸಿ ಸದ್ದಿನ ಮಾಡ್ಯೂಲ್ ಜಾಸ್ತಿ ಬಳಸುತ್ತಾರೆ. ಅದಕ್ಕೆ ನಮ್ಮದೇ ಸದ್ದು ತುಂಬಬಹುದು. ಬೆಲೆ ಕೇಳಿದರೆ ಮಾತ್ರ ನಿಮ್ಮ 1210 ನಿಂತಲ್ಲೇ ನಿಂತುಬಿಡುತ್ತದೆ. ಇಎಸ್‌ಪಿ32 ಸಾಕು.

ಸ್ಪೀಕರ್ ಎಲ್ಲಿಡಬೇಕು ಅಂತ ಇಲ್ಲಿಯವರ ಜಗಳವೂ ಮುಗಿದಿಲ್ಲ. ಇಲ್ಲಿಯ ಗಾಡಿಗಳಿಗೆ ಕ್ಯಾಬಿನ್ ಹಿಂದೆ ಮಲಗುವ ಜಾಗ ಇದೆ, ಅಲ್ಲಿ ಕೂರಿಸುತ್ತಾರೆ. 1210ಕ್ಕೆ ಅದಿಲ್ಲ. ಡೀಸೆಲ್ ಟ್ಯಾಂಕಿನ ಒಳಗೆ ಇಡಬಹುದಾ?

—

ರೇಡಿಯೋ_ರತ್ನಮ್ಮ
ಮಧ್ಯಾಹ್ನ 2:00

ಟ್ಯಾಂಕ್ ಸಾಲದು. ಅಳತೆ 14ರಲ್ಲಿ ಒಂದು ಪಾಲಾದರೆ ಒಳಗಿನ ಜಾಗ 14×14×14, ಅಂದರೆ 2744ರಲ್ಲಿ ಒಂದು ಪಾಲು. 160 ಲೀಟರಿನ ಟ್ಯಾಂಕ್ ಅಂದುಕೊಂಡರೂ ಬರುವುದು 58 ಮಿಲಿಲೀಟರ್. ಒಂದು ಬೈಟು ಕಾಫಿ. ಸ್ಪೀಕರಿನ ಹೊಟ್ಟೆಯೇ ಅದರಲ್ಲಿ ಒಂದಷ್ಟು ತಿನ್ನುತ್ತದೆ.

—

ಘಾಟಿ_ಗಣಪ
ಮಧ್ಯಾಹ್ನ 2:20

ಲಾರಿ ಇರುವುದು ಲೋಡ್ ಹೊರಲು ತಾನೆ? ಬಾಡಿಯ ತಳದಲ್ಲಿ ಇನ್ನೊಂದು ಸುಳ್ಳು ತಳ ಮಾಡಿ. 25 ಮಿ.ಮೀ. ಎತ್ತರ ಸಾಕು. ಒಳಗೆ ಸ್ಪೀಕರ್, ಬೋರ್ಡ್ ಎಲ್ಲ. ಮೇಲೆ ಕಾಫಿ ಮೂಟೆ ಜೋಡಿಸಿ, ಟಾರ್ಪಾಲ್ ಎಳೆದು ಹಗ್ಗ ಬಿಗಿಯಿರಿ. ಒಳಗೇನಿದೆ ಅಂತ ಚೆಕ್‌ಪೋಸ್ಟಿನವರಿಗೂ ಗೊತ್ತಾಗುವುದಿಲ್ಲ. ಕ್ಯಾಬಿನ್ ಖಾಲಿ ಉಳಿಯುತ್ತದೆ, ಅಲ್ಲಿ ಡ್ರೈವರ್ ಕೂರಿಸಿ.

—

ಸ್ಟೆಪ್ನಿ_ಸಕಲೇಶಪುರ
ಮಧ್ಯಾಹ್ನ 2:31

ಗಣಪಣ್ಣ, ಇದು ಚಿನ್ನದಂಥ ಮಾತು. ಆದರೆ ಇಂಜಿನ್ ಮುಂದೆ, ಸದ್ದು ಹಿಂದೆ ಆಗಲ್ವಾ?

—

ರೇಡಿಯೋ_ರತ್ನಮ್ಮ
ಮಧ್ಯಾಹ್ನ 3:05

ಎರಡು ಮೀಟರ್ ದೂರ ನಿಂತು ನೋಡುವವರಿಗೆ ಒಂದು ಗೇಣಿನ ವ್ಯತ್ಯಾಸ ತಿಳಿಯುವುದಿಲ್ಲ. ಕಣ್ಣು ಬಾನೆಟ್ ನೋಡುತ್ತಿದ್ದರೆ ಕಿವಿಯೂ ಸದ್ದನ್ನು ಅಲ್ಲಿಂದಲೇ ಬಂತು ಅಂತ ನಂಬುತ್ತದೆ. ಸ್ಪೀಕರಿನ ಮುಖ ಕೆಳಗೆ, ನೆಲದ ಕಡೆ ಇರಲಿ. ನೆಲಕ್ಕೆ ಬಡಿದು ಸುತ್ತ ಹರಡುತ್ತದೆ.

ಒಂದು ಉಪಾಯ. ಕೆಟ್ಟ ಎಲ್‌ಇಡಿ ಟಿವಿ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ. ಅದರ ಸ್ಪೀಕರ್ ಉದ್ದದ ಪ್ಲಾಸ್ಟಿಕ್ ಡಬ್ಬಿಯ ಜೊತೆಗೇ ಬರುತ್ತದೆ. ತೆಳ್ಳಗಿರುತ್ತದೆ, ನಿಮ್ಮ ಸುಳ್ಳು ತಳಕ್ಕೆ ಹೇಳಿ ಮಾಡಿಸಿದ ಹಾಗೆ. ಪೆಟ್ಟಿಗೆ ಕಟ್ಟುವ ಕೆಲಸವೂ ಉಳಿಯಿತು.

ಇಎಸ್‌ಸಿಯನ್ನು ಮಾತ್ರ ಮೂಟೆಯ ಕೆಳಗೆ ಹೂಳಬೇಡಿ. ಅದಕ್ಕೆ ಗಾಳಿ ಬೇಕು. ಚಾಸಿಯ ನಡುವೆ ಇರಲಿ.

—

ಎಂಟನೇಕ್ಲಾಸ್_ಎಂಜಿನಿಯರ್
ಸಂಜೆ 4:40

ಅಂಕಲ್, ನಾನೂ ಇದೇ ಮಾಡ್ತಿದ್ದೇನೆ. ಹೊಸಾ ಬೋರ್ಡ್ ಒಳ್ಳೇದು ಅಂತ ಇಎಸ್‌ಪಿ32-ಎಸ್3 ತಗೊಂಡೆ. ಲೈಟ್ ಎಲ್ಲ ಬರುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಸ್ಪೀಕರ್ ಮೂರು ಸಲ ಬದಲಿಸಿದೆ.

—

ಸೋಲ್ಡರ್_ಸಿದ್ದ
ಸಂಜೆ 4:48

ತಮ್ಮಾ, ಸ್ಪೀಕರ್ ಪಾಪ ಏನೂ ಮಾಡಿಲ್ಲ. ಎಸ್3ಯಲ್ಲಿ ಡ್ಯಾಕ್ ಇಲ್ಲ, ಅಂದರೆ ಫೈಲಿನ ಅಂಕಿಗಳನ್ನು ಸದ್ದಿನ ವೋಲ್ಟೇಜ್ ಮಾಡುವ ಭಾಗ. ಸಿ3ಯಲ್ಲೂ ಇಲ್ಲ. ಹಳೇ ಸಾದಾ ಇಎಸ್‌ಪಿ32ನಲ್ಲಿ 25 ಮತ್ತು 26ನೇ ಪಿನ್ನಿನಲ್ಲಿ 8 ಬಿಟ್‌ನ ಎರಡು ಡ್ಯಾಕ್ ಇವೆ. ಈ ಪ್ರೋಗ್ರಾಂ ಅವನ್ನೇ ನಂಬಿಕೊಂಡಿದೆ. ಒಂದರಲ್ಲಿ ಇಂಜಿನ್ ಸದ್ದು, ಇನ್ನೊಂದರಲ್ಲಿ ಹಾರನ್ ಗೀರನ್. ಆಕ್ಸಿಲೇಟರ್ ಒತ್ತಿದಾಗ ಇಂಜಿನ್ ಸದ್ದು ವೇಗವಾಗಬೇಕು, ಹಾರನ್ ವೇಗವಾಗಬಾರದು. ಅದಕ್ಕೇ ಎರಡು.

ಹಳೇ ಬೋರ್ಡೇ ತಗೊ. ಎಸ್‌.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. 34ರಿಂದ 39ರವರೆಗಿನ ಪಿನ್ನಿಗೆ ಎಲ್‌ಇಡಿ ಹಾಕಬೇಡ, ಅವು ಬರೀ ಒಳಗೆ ತಗೊಳ್ಳುವ ಪಿನ್ನುಗಳು, ಹೊರಗೆ ಏನೂ ಕೊಡುವುದಿಲ್ಲ. 12ನೇ ಪಿನ್ನಿಗೂ ದೂರದಿಂದ ಕೈ ಮುಗಿ. ಆನ್ ಆಗುವಾಗ ಅದರಲ್ಲಿ ವೋಲ್ಟೇಜ್ ಇದ್ದರೆ ಬೋರ್ಡ್ ಏಳುವುದೇ ಇಲ್ಲ.

—

ಎಂಟನೇಕ್ಲಾಸ್_ಎಂಜಿನಿಯರ್
ಸಂಜೆ 4:55

ಅಯ್ಯೋ. ಅಪ್ಪನಿಗೆ ಹೇಗೆ ಹೇಳಲಿ 😭 ಅಂಕಲ್, ನನ್ನದೂ 1210. ಟರ್ಬೋ ಸೀಟಿ ಸದ್ದು ಜೋರಾಗಿ ಇಟ್ಟಿದ್ದೇನೆ, ಸೂಪರ್ ಕೇಳುತ್ತದೆ.

—

ಘಾಟಿ_ಗಣಪ
ಸಂಜೆ 5:10

ಮರೀ, 1210ಕ್ಕೆ ಟರ್ಬೋ ಎಲ್ಲಿಂದ ಬಂತು? ಅದು ಬರೀ ಉಸಿರಿನ ಮೇಲೆ ಓಡುವ ಇಂಜಿನ್. ಸೀಟಿ ಬೇಕಾದರೆ 1613 ಮಾಡು. ಅಂದ ಹಾಗೆ 1210 ಅಂದರೆ ಏನು ಗೊತ್ತಾ? ಒಟ್ಟು ತೂಕ 12 ಟನ್, ಶಕ್ತಿ ಸುಮಾರು 100 ಕುದುರೆ. ಬೆಂಜ್‌ನವರ ಲೆಕ್ಕ ಅದು. 1954ರಿಂದ 1969ರವರೆಗೆ ಟಾಟಾ ಮತ್ತು ಬೆಂಜ್ ಜೊತೆಗಿದ್ದರು. ಬೆಂಜ್ ಹೋಯಿತು, ಹೆಸರಿಡುವ ಪದ್ಧತಿ ಉಳಿಯಿತು. 1613 ಅಂದರೆ 16 ಟನ್, 130 ಕುದುರೆ.

ಇನ್ನೊಂದು ಮಾತು. ಬ್ರೇಕ್ ಒತ್ತಿದಾಗಲೆಲ್ಲ “ಪ್ಶ್ಶ್” ಅಂತ ಗಾಳಿ ಬಿಡುವ ಸದ್ದನ್ನು ಎಲ್ಲರೂ ಹಾಕಿಬಿಡುತ್ತಾರೆ. ಪ್ರೋಗ್ರಾಂನಲ್ಲಿ ಇದೆ ಅಂತ ಎಲ್ಲ ಹಾಕಬಾರದು. ನೀವು ಮಾಡುತ್ತಿರುವ ಗಾಡಿ ಬ್ರೇಕಿಗೆ ಹೇಗೆ ಸದ್ದು ಮಾಡುತ್ತಿತ್ತು ಅಂತ ಓಡಿಸಿದವರನ್ನು ಕೇಳಿ ಹಾಕಿ. ಸ್ಟೆಪ್ನಿಯವರ ಮನೆಯಲ್ಲೇ ಒಬ್ಬರಿದ್ದಾರಲ್ಲ.

—

ಸ್ಟೆಪ್ನಿ_ಸಕಲೇಶಪುರ
ಬುಧವಾರ, ರಾತ್ರಿ 10:50

ಕೆಟ್ಟ ಸುದ್ದಿ. ಆಂಪ್ಲಿಫೈಯರ್ ಹೋಯಿತು. ಸಿದ್ದಣ್ಣ ಹೇಳಿದ ಬಕ್ ಕನ್ವರ್ಟರ್ ಇನ್ನೂ ಕೈಗೆ ಬಂದಿರಲಿಲ್ಲ. ಅಲ್ಲಿಯವರೆಗೆ ಇರಲಿ ಅಂತ ಹೊಸ ಇಎಸ್‌ಸಿ ಹಾಕಿ ಅದರ ಬಿಇಸಿಯಿಂದಲೇ ಕೊಟ್ಟೆ. “ಟಿಕ್” ಅಂದಿತು, ಸುಟ್ಟ ವಾಸನೆ, ಮೌನ. ಆಮೇಲೆ ಮೀಟರ್ ಹಿಡಿದು ನೋಡಿದರೆ ಬಿಇಸಿ 6.1 ವೋಲ್ಟ್ ಕೊಡುತ್ತಿದೆ.

—

ಸೋಲ್ಡರ್_ಸಿದ್ದ
ರಾತ್ರಿ 11:04

ಪಿಎಎಂ8403ಗೆ 5 ವೋಲ್ಟ್ ಅಂದರೆ 5 ವೋಲ್ಟೇ. 5.5 ದಾಟಿದರೆ ನಂಬಿಕೆ ಇಲ್ಲ. ಹೊಸ ಇಎಸ್‌ಸಿಗಳಲ್ಲಿ ಬಿಇಸಿ 6 ವೋಲ್ಟ್ ಇರುವುದು ಮಾಮೂಲು, ಸರ್ವೋಗೆ ಅದು ಇಷ್ಟ. ಮೊದಲು ಮೀಟರ್, ಆಮೇಲೆ ವೈರ್. ಬಕ್ ಕನ್ವರ್ಟರ್ ಬಂದ ಮೇಲೂ ಅದರ ತಿರುಪು ತಿರುಗಿಸಿ, 5 ವೋಲ್ಟ್‌ಗೆ ಕೂರಿಸಿ, ಆಮೇಲೆ ಜೋಡಿಸಿ. ಅಂಗಡಿಯಿಂದ ಬರುವಾಗ ಅದು ಎಷ್ಟಕ್ಕೆ ಇದೆಯೋ ದೇವರಿಗೇ ಗೊತ್ತು.

ಸಮಾಧಾನಕ್ಕೆ ನನ್ನ ಕಥೆ ಕೇಳಿ. ಕಾರಿನ ಹಳೇ ಸ್ಟೀರಿಯೋ ನೆನಪಿನಲ್ಲಿ, ಸ್ಪೀಕರಿನ ಮೈನಸ್ ಅಂದರೆ ಗ್ರೌಂಡ್ ತಾನೆ ಅಂತ ಎರಡೂ ಚಾನೆಲ್ಲಿನ ಮೈನಸ್ ಸೇರಿಸಿ ಚಾಸಿಗೆ ಕಟ್ಟಿದೆ. ಈ ಪಿಎಎಂ8403ಯಲ್ಲಿ ಸ್ಪೀಕರಿನ ಎರಡೂ ತುದಿ ಜೀವಂತ, ಯಾವುದನ್ನೂ ಗ್ರೌಂಡಿಗೆ ಮುಟ್ಟಿಸಬಾರದು. ಊದುಬತ್ತಿ ಹಚ್ಚಿದ ಹಾಗೆ ಒಂದೇ ಎಳೆ ಹೊಗೆ ಬಂತು. ಮನೆಯವರು ಪೂಜೆ ಆಯ್ತಾ ಅಂತ ಕೇಳಿದರು.

—

ಬಿಟಿಎಂ_ಬ್ಯಾಟರಿ
ಗುರುವಾರ, ಬೆಳಿಗ್ಗೆ 7:20

ನನ್ನ ಗಾಡಿಯಲ್ಲಿ ಆಕ್ಸಿಲೇಟರ್ ಒತ್ತಿದರೆ ಇಂಜಿನ್ ಸದ್ದಿನ ಹಿಂದೆ “ಕುಂಯ್ಯ್” ಅಂತ ಇನ್ನೊಂದು ಸದ್ದು. ಸ್ಪೀಕರಿನ ಮ್ಯಾಗ್ನೆಟ್ ರಿಸೀವರನ್ನು ಕೆಡಿಸುತ್ತದೆ ಅಂತ ಯಾರೋ ಹೇಳಿದರು. ಹೌದಾ?

—

ರೇಡಿಯೋ_ರತ್ನಮ್ಮ
ಬೆಳಿಗ್ಗೆ 7:45

ಮ್ಯಾಗ್ನೆಟ್ 2.4 ಗಿಗಾಹರ್ಟ್ಸ್ ರಿಸೀವರಿಗೆ ಏನೂ ಮಾಡುವುದಿಲ್ಲ. ಬಿದ್ದ ಸ್ಕ್ರೂ ಹಿಡಿದುಕೊಳ್ಳುತ್ತದೆ, ಅಷ್ಟು ಉಪಕಾರ ಉಂಟು. ನಿಮ್ಮ ಕುಂಯ್ ಮೋಟರಿನದು. ಬ್ರಷ್ ಕಿಡಿ ಹಾರಿಸುತ್ತದೆ, ಆ ಗಲಾಟೆ ವೈರಿನಲ್ಲಿ ಹರಿದು ಆಂಪ್ಲಿಫೈಯರ್‌ಗೆ ಬರುತ್ತದೆ.

ಮೋಟರಿಗೆ ಮೂರು ಸೆರಾಮಿಕ್ ಕೆಪಾಸಿಟರ್ ಇವೆಯಾ ನೋಡಿ, ಮೇಲೆ 104 ಅಂತ ಬರೆದಿರುತ್ತದೆ. ಒಂದು ಎರಡು ಟರ್ಮಿನಲ್ ನಡುವೆ, ಉಳಿದೆರಡು ಒಂದೊಂದು ಟರ್ಮಿನಲ್‌ನಿಂದ ಮೋಟರಿನ ಮೈಗೆ. ಮೋಟರ್ ವೈರುಗಳನ್ನು ಜಡೆಯ ಹಾಗೆ ಹೆಣೆಯಿರಿ. ಗ್ರೌಂಡ್ ವೈರುಗಳನ್ನು ಒಂದರಿಂದ ಇನ್ನೊಂದಕ್ಕೆ ಸರಪಳಿ ಮಾಡಬೇಡಿ, ಎಲ್ಲವೂ ಬ್ಯಾಟರಿಯ ಬಳಿ ಒಂದೇ ಕಡೆ ಸೇರಲಿ. ಇಎಸ್‌ಪಿ32ಯಿಂದ ಆಂಪ್ಲಿಫೈಯರ್‌ಗೆ ಹೋಗುವ ವೈರ್ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

—

ಕ್ಲೀನರ್_ಕಿಟ್ಟಿ
ಬೆಳಿಗ್ಗೆ 8:10

ಮುಖ್ಯ ವಿಷಯಕ್ಕೆ ಬನ್ನಿ. ಹಾರನ್ ಯಾವುದು ಹಾಕುತ್ತೀರಿ? ನನ್ನ ಮತ ಏಳು ಸ್ವರದ ಮ್ಯೂಸಿಕಲ್ ಹಾರನ್‌ಗೆ.

—

ಪೆಟ್ಟಿಗೆ_ಅಂಗಡಿ
ಬೆಳಿಗ್ಗೆ 8:14

ಕೇಂದ್ರ ಮೋಟಾರು ವಾಹನ ನಿಯಮ 119 ಓದಿದ್ದೀರಾ? ಬೇರೆ ಬೇರೆ ಸ್ವರ ಸಾಲಾಗಿ ಬರುವ ಹಾರನ್ ಹಾಕುವ ಹಾಗಿಲ್ಲ.

—

ಕ್ಲೀನರ್_ಕಿಟ್ಟಿ
ಬೆಳಿಗ್ಗೆ 8:16

ಹಾಗಾದರೆ ದಂಡವನ್ನೂ 1/14 ಅಳತೆಯಲ್ಲೇ ಕಟ್ಟುತ್ತೇವೆ.

—

ಘಾಟಿ_ಗಣಪ
ಬೆಳಿಗ್ಗೆ 9:00

ಹಾರನ್ ಬಿಡಿ. ಹೆಡ್‌ಲೈಟ್ ಬಗ್ಗೆ ಯಾರೂ ಮಾತಾಡಿಲ್ಲ. ದಯವಿಟ್ಟು ಹಾಲಿನಂಥ ಬಿಳಿ ಎಲ್‌ಇಡಿ ಹಾಕಬೇಡಿ. ಆ ಕಾಲದ ಲೈಟು ಹಳದಿ, ಅದೂ ಮಂಕು. ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ಅದು ನಮ್ಮ ಕಡೆಯ ಲಾರಿಯೇ ಅಲ್ಲ. ಸೆಲ್ಫ್ ಹೊಡೆಯುವಾಗ ಲೈಟು ಇಳಿದು, ಇಂಜಿನ್ ಹತ್ತಿದ ಮೇಲೆ ಏರಬೇಕು.

—

ಸೋಲ್ಡರ್_ಸಿದ್ದ
ಬೆಳಿಗ್ಗೆ 9:25

ಅದು ಪ್ರೋಗ್ರಾಂನಲ್ಲೇ ಇದೆ ಗಣಪಣ್ಣ, ಆನ್ ಮಾಡಿದರೆ ಸಾಕು. ಬಲ್ಬಿನ ತಂತಿ ನಿಧಾನ ಆರುವ ಹಾಗೆ ಎಲ್‌ಇಡಿಯನ್ನೂ ನಿಧಾನ ಆರಿಸಬಹುದು. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120ರ ಒಳಗೆ ಮಿಣುಕಲಿ. ಅದಕ್ಕಿಂತ ವೇಗವಾದರೆ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಆಗುತ್ತದೆ.

ಎಲ್‌ಇಡಿಗಳನ್ನು ನೇರ ಪಿನ್ನಿಗೆ ಕಟ್ಟಬೇಡಿ. ನಡುವೆ ಒಂದು ಯುಎಲ್‌ಎನ್2003 ಚಿಪ್ ಹಾಕಿ, ಏಳು ದಾರಿ ಸಿಗುತ್ತದೆ. 5 ವೋಲ್ಟ್‌ನಿಂದ ಕೊಡುವುದಾದರೆ ಕೆಂಪಿಗೂ ಬಿಳಿಗೂ ತಲಾ ಒಂದು 150 ಓಮ್ ರೆಸಿಸ್ಟರ್ ಇದ್ದರೆ ನಡೆಯುತ್ತದೆ. ಚಿಪ್ಪೇ ಸ್ವಲ್ಪ ವೋಲ್ಟ್ ತಿನ್ನುವುದರಿಂದ ಬಿಳಿ ಕೊಂಚ ಮಂಕಾಗುತ್ತದೆ. ಗಣಪಣ್ಣನಿಗೆ ಅದೇ ಬೇಕು.

—

ಸ್ಟೆಪ್ನಿ_ಸಕಲೇಶಪುರ
ಮುಂದಿನ ಭಾನುವಾರ, ಸಂಜೆ 6:30

ಆಂಪ್ಲಿಫೈಯರ್ ಹೊಸದು ಬಂತು, ಬಕ್ ಕನ್ವರ್ಟರ್ ಬಂತು. ಸ್ಟೀರಿಂಗ್ ತಿರುಗಿಸಿದರೆ ಈಗ ಇಂಜಿನ್ ನಿಲ್ಲುವುದಿಲ್ಲ. ಗುಜರಿಯಲ್ಲಿ ಟಿವಿ ಸ್ಪೀಕರ್ ಸಿಕ್ಕಿತು, ಸುಳ್ಳು ತಳದಲ್ಲಿ ಕೂತಿತು.

ಸದ್ದು ಚೆನ್ನಾಗಿದೆ. ಆದರೆ ಅದು ಯಾವುದೋ ದೇಶದ ಗಾಡಿ. ನಮ್ಮದಲ್ಲ. ಊರಾಚೆ ಒಂದು ಸಾ ಮಿಲ್ಲಿನಲ್ಲಿ 1210 ಇನ್ನೂ ಓಡುತ್ತಿದೆ ಅಂತ ಗೊತ್ತಾಗಿದೆ. ರೆಕಾರ್ಡ್ ಮಾಡಲು ಒಪ್ಪಿದ್ದಾರೆ. ಹೇಗೆ ಮಾಡಲಿ?

—

ರೇಡಿಯೋ_ರತ್ನಮ್ಮ
ರಾತ್ರಿ 8:00

ಮೊದಲು, ಫೋನು ಸದ್ದನ್ನು ತಾನೇ ಏರಿಸಿ ಇಳಿಸಿ ಮಾಡುತ್ತದೆ. ಅದನ್ನು ನಿಲ್ಲಿಸಲು ಬಿಡುವ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಇಲ್ಲದಿದ್ದರೆ ರೇಸ್ ಕೊಟ್ಟರೂ ಐಡ್ಲಿಂಗ್‌ನಷ್ಟೇ ಕೇಳುತ್ತದೆ. ಮೈಕಿನ ಮೇಲೆ ಗಾಳಿಗೆ ಒಂದು ಪದರ ಹತ್ತಿ ಬಟ್ಟೆ. ಬಾನೆಟ್ ಬಳಿ ಒಂದು ಸಲ, ಸೈಲೆನ್ಸರಿನಿಂದ ಒಂದೂವರೆ ಮೀಟರ್ ದೂರ ಒಂದು ಸಲ. ನಿಮ್ಮ ಪುಟ್ಟ ಸ್ಪೀಕರಿಗೆ ಬಾನೆಟ್ ಬಳಿಯದೇ ಜಾಸ್ತಿ ಉಪಯೋಗ, ಟಕಟಕ ಎಲ್ಲ ಅಲ್ಲಿದೆ.

ಕತ್ತರಿಸುವುದು ಮುಖ್ಯ. ಇಂಜಿನ್ನಿನ ಒಂದು ಪೂರ್ತಿ ಸರದಿ ಅಂದರೆ ಎರಡು ಸುತ್ತು. 600ರಲ್ಲಿ ಅದು 0.2 ಸೆಕೆಂಡ್. ಲೂಪ್‌ನಲ್ಲಿ (ಮತ್ತೆ ಮತ್ತೆ ಕೇಳಿಸುವ ತುಂಡಿನಲ್ಲಿ) ಪೂರ್ತಿ ಸರದಿಗಳೇ ಇರಬೇಕು, ಉದಾಹರಣೆಗೆ ನಾಲ್ಕು ಸರದಿ, 0.8 ಸೆಕೆಂಡ್. ಮೂರೂವರೆಗೆ ಕತ್ತರಿಸಿದರೆ ಪ್ರತಿ ಸಲ ಕುಂಟುತ್ತದೆ. ಅಡಾಸಿಟಿ ಎಂಬ ಸದ್ದು ಕತ್ತರಿಸುವ ಪ್ರೋಗ್ರಾಂನಲ್ಲಿ ಆಯ್ಕೆ ಮಾಡಿ ಝಡ್ ಕೀ ಒತ್ತಿದರೆ ಅಲೆ ಸೊನ್ನೆ ದಾಟುವ ಜಾಗಕ್ಕೆ ತಾನೇ ಸರಿಯುತ್ತದೆ, “ಟಪ್” ಸದ್ದು ಬರುವುದಿಲ್ಲ. ಫೈಲ್ ಉಳಿಸುವಾಗ 22050 ಹರ್ಟ್ಸ್, ಮೋನೋ, 8 ಬಿಟ್. ಸೆಕೆಂಡಿಗೆ 22 ಕೆಬಿ, ಬೋರ್ಡಿನಲ್ಲಿ ಬೇಕಾದಷ್ಟು ಜಾಗ ಇದೆ.

—

ಘಾಟಿ_ಗಣಪ
ರಾತ್ರಿ 8:25

ಬೆಳಿಗ್ಗೆ ಬೇಗ ಹೋಗಿ. ತಣ್ಣಗಿದ್ದಾಗ ಸೆಲ್ಫ್ ಹೊಡೆಯುವುದು, ಮೊದಲ ಎರಡು ನಿಮಿಷ ಇಂಜಿನ್ ಕಟಕಟ ಅನ್ನುವುದು, ಅದು ಮತ್ತೆ ಸಿಗುವುದಿಲ್ಲ. ಆಮೇಲೆ ಹದಿನೈದು ನಿಮಿಷ ಬಿಸಿಯಾಗಲಿ, ಐಡ್ಲಿಂಗ್ ಆಗ ತೆಗೆಯಿರಿ. ಅಪ್ಪನನ್ನೂ ಕರೆದುಕೊಂಡು ಹೋಗಿ.

—

ಮ್ಯೂನಿಕ್_ಮಾಣಿ
ರಾತ್ರಿ 8:40

ಆ ಫೈಲನ್ನು ಇಲ್ಲಿ ಹಾಕಿ ಮಾರಾಯ್ರೆ. ಇಲ್ಲಿ ಹಿಮ ಬೀಳುವಾಗ ಒಳಗೆ ಕೂತು 1210ರ ಐಡ್ಲಿಂಗ್ ಕೇಳುತ್ತೇನೆ.

—

ಸ್ಟೆಪ್ನಿ_ಸಕಲೇಶಪುರ
ಹದಿಮೂರು ದಿನದ ಬಳಿಕ, ಶನಿವಾರ ರಾತ್ರಿ 9:15

ಆಯಿತು. ರೆಕಾರ್ಡ್ ಮಾಡಿ, ಕತ್ತರಿಸಿ, ಹಾಕಿ ಆಯಿತು. ಮೊದಲ ಲೂಪ್ ಕುಂಟಿತು, ಐದನೆಯದು ಸರಿಹೋಯಿತು. ಹಾರನ್ ಆ ಗಾಡಿಯದೇ, ಒಂಟಿ ಸ್ವರದ್ದು. ಕಿಟ್ಟಿ ಕ್ಷಮಿಸಬೇಕು.

ಅಪ್ಪ ಸಾ ಮಿಲ್ಲಿಗೆ ಬರಲಿಲ್ಲ, ಮಂಡಿ ನೋವು. ಹಾಗಾಗಿ ಇವತ್ತು ಅಂಗಳದಲ್ಲಿ ಬಿಟ್ಟೆ. ಅವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಸೆಲ್ಫ್ ಹೊಡೆದೆ, ಹೆಡ್‌ಲೈಟ್ ಇಳಿಯಿತು, ಏರಿತು. ಅವರು ಪೇಪರ್ ಕೆಳಗೆ ಇಳಿಸಲಿಲ್ಲ. ಒಂದು ನಿಮಿಷ ಹಾಗೇ ಐಡ್ಲಿಂಗ್‌ನಲ್ಲಿ ಬಿಟ್ಟೆ. ನನಗೆ ಸ್ವಲ್ಪ ಬೇಜಾರೇ ಆಯಿತು.

ಆಮೇಲೆ ಪೇಪರಿನ ಹಿಂದಿನಿಂದಲೇ ಹೇಳಿದರು: “ಐಡ್ಲಿಂಗ್ ಜಾಸ್ತಿ ಇಟ್ಟಿದ್ದೀಯ. ಡೀಸೆಲ್ ಕುಡಿಯುತ್ತೆ. ಇಳಿಸು.”

—

ಘಾಟಿ_ಗಣಪ
ರಾತ್ರಿ 9:18

ಇಳಿಸಿದಿರಾ?

—

ಸ್ಟೆಪ್ನಿ_ಸಕಲೇಶಪುರ
ರಾತ್ರಿ 9:21

ಇಳಿಸಿದೆ. ಈಗ ರಿಮೋಟ್ ಅವರ ಕೈಯಲ್ಲಿದೆ. ಎರಡನೇ ಗೇರಿನಲ್ಲೇ ಅಂಗಳ ಸುತ್ತುತ್ತಿದ್ದಾರೆ, ಮೂರನೆಯದು ಹಾಕುವುದಿಲ್ಲವಂತೆ, ಲೋಡ್ ಇದೆಯಂತೆ.

—

ಎಂಟನೇಕ್ಲಾಸ್_ಎಂಜಿನಿಯರ್
ರಾತ್ರಿ 9:30

ಅಂಕಲ್, ಆ ಸದ್ದಿನ ಫೈಲ್ ನನಗೂ ಕೊಡಿ. ಟರ್ಬೋ ತೆಗೆದಿದ್ದೇನೆ.

—

ಬಿಟಿಎಂ_ಬ್ಯಾಟರಿ
ರಾತ್ರಿ 9:33

ಕುಂಯ್ ಹೋಯಿತು, ರತ್ನಕ್ಕನಿಗೆ ಧನ್ಯವಾದ. 104 ಒಂದೂ ಇರಲಿಲ್ಲ. ಈಗ ಹೊಸ ಪ್ರಶ್ನೆ, ಕ್ಯಾಬಿನ್ನಿನ ಎಬಿಎಸ್ ಶೀಟ್ ಸದ್ದಿಗೆ ಗಡಗಡ ಅನ್ನುತ್ತದೆ. ಏನು ಅಂಟಿಸಲಿ?

—

ಕ್ಲೀನರ್_ಕಿಟ್ಟಿ
ರಾತ್ರಿ 9:34

ಏನೂ ಅಂಟಿಸಬೇಡಿ. ಗಡಗಡ ಅನ್ನದ 1210ನ್ನು ನಾನಂತೂ ನೋಡಿಲ್ಲ.